ಮುಳುಗುವವನ ಪಾತ್ರ

ಹೊಸಪೇಟೆಯ ನಮ್ಮ ಮನೆಯ ಮಾಳಿಗೆಯ ಮೇಲೆ, ನನ್ನ ಎರಡು ಲುಂಗಿಗಳ ನಡುವೆ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಒಂದು ಬೆಳಗಿನಿಂದ ತೊಟ್ಟಿಕ್ಕುತ್ತಿದೆ. ನಿನ್ನೆ ಅದನ್ನು ತೊಟ್ಟವನು ನಾನೇ. ಅದರಿಂದ ಬರುವ ಹೊಳೆಯ ಪಾಚಿಯ ವಾಸನೆ ನಿಮಗೆ ಹಿತವೆನಿಸಬಹುದು. ನಾನು ಮಾತ್ರ ಮೂಗು ಮುಚ್ಚಿಕೊಂಡೇ ನಿಂತಿದ್ದೇನೆ. ಕೆಳಗೆ ಮೇಜಿನ ಮೇಲೆ ಮಗಳು ಚೈತ್ರಳ ಒಪ್ಪಿಗೆ ಪತ್ರವಿದೆ, ಪಾಲಕರ ಸಹಿಯ ಜಾಗ ಖಾಲಿ ಇದೆ. ಸಹಿ ಬಿದ್ದರೆ ಅವಳು ಕಡಲ ತೀರಕ್ಕೆ ಹೋಗಿ, ಮುಳುಗುವವರನ್ನು ಎತ್ತಿ ತರುವ ಕೆಲಸ ಕಲಿಯುತ್ತಾಳೆ. ಹೊಳೆಯನ್ನೇ ನಂಬದವನು ನಾನು, ಕಡಲನ್ನು ಹೇಗೆ ನಂಬಲಿ?

ಇದಕ್ಕೆಲ್ಲ ಕಾರಣ ಹುಲಿಗೆಮ್ಮ. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ, ಅವರದು ಹರಿಗೋಲು. ಇಬ್ಬರೂ ಒಂದೇ ತರಗತಿ. ನಾನು ಬಸ್ಸಿನಲ್ಲಿ ತುರ್ತು ಬಾಗಿಲಿನ ಪಕ್ಕದ ಸೀಟನ್ನೇ ಹುಡುಕುವ ಮನುಷ್ಯ. ಆ ಬಾಗಿಲು ತಾನಾಗಿ ತೆರೆದುಕೊಂಡರೆ ಎಂಬ ಚಿಂತೆಯೂ ಜೊತೆಗೇ ಕೂತಿರುತ್ತದೆ. ಅವಳು ಸೇತುವೆಯ ಮೇಲಿಂದ ಕಾಲುವೆಗೆ ಹಾರುತ್ತಿದ್ದವಳು.

ಹರಿಗೋಲಿನ ತಳ ಕೊಂಚ ಜಿನುಗುವುದು ಸಹಜ, ತೋಡಿ ಚೆಲ್ಲಲು ಒಂದು ಡಬ್ಬಿ ಇಟ್ಟಿರುತ್ತಾರೆ. ಒಂಬತ್ತನೇ ತರಗತಿಯಲ್ಲಿದ್ದಾಗ ದೊಡ್ಡಮ್ಮನ ಜೊತೆ ಹೊಳೆ ದಾಟುತ್ತಿದ್ದೆ. ಹುಲಿಗೆಮ್ಮನ ಅಪ್ಪ ಹುಟ್ಟು ಹಾಕುತ್ತಿದ್ದ, ಅವಳು ನೀರು ತೋಡುತ್ತಿದ್ದಳು. ಪಾದಕ್ಕೆ ನೀರು ತಣ್ಣಗೆ ತಗುಲಿತು. ಎಲ್ಲರ ಒಳ್ಳೆಯದಕ್ಕೇ ಎಂಬಂತೆ ಎದ್ದು ನಿಂತು, “ಮುಳುಗ್ತೀವೀ!” ಎಂದು ಕೂಗಿದೆ. ಎದ್ದು ನಿಂತದ್ದರಿಂದಲೇ ಮುಳುಗಿದೆವು. ಕವುಚಿದ ಹರಿಗೋಲಿಗೆ ಜೋತುಬಿದ್ದು ನಾನು ಕೂಗುತ್ತಲೇ ಇದ್ದೆ. ಹುಲಿಗೆಮ್ಮ ನನ್ನ ಪಕ್ಕದಲ್ಲೇ ಹಾದು ಹೋಗಿ, ಸದ್ದಿಲ್ಲದೆ ಕೆಳಗಿಳಿಯುತ್ತಿದ್ದ ದೊಡ್ಡಮ್ಮನ ಸೆರಗು ಹಿಡಿದೆಳೆದಳು.

“ನನ್ನ ಬಿಟ್ಟು ಹೋದೆಲ್ಲ ಹುಲಿಗಿ?” ಎಂದು ಎಷ್ಟೋ ದಿನಗಳ ಮೇಲೆ ಕೇಳಿದೆ.

“ಒದರೋನಿಗೆ ಉಸುರು ಐತಿ ಸಾವ್ಕಾರ. ದೊಡ್ಡವ್ವ ಸುಮ್ನಾಗಿದ್ಳು.”

ಮುಂದೆ ಅವಳು ಕಡಲ ತೀರದಲ್ಲಿ ಜೀವರಕ್ಷಕಿಯಾದಳು. ಅಲೆಗಳ ಮೇಲಿನ ರಕ್ಷಣಾ ಸ್ಪರ್ಧೆಗಳು, ಕಯಾಕ್ ಎಂಬ ಕಿರುದೋಣಿಯ ಓಟಗಳು, ಮೊದಲು ರಾಜ್ಯ, ಆಮೇಲೆ ದೇಶ. ನಾನು ಒಂದನ್ನೂ ನೋಡಿಲ್ಲ. ಸ್ಪರ್ಧೆ ಖಂಡಿತ ಮುಗಿದಿದೆ ಎನಿಸಿದ ಮೇಲೆ ಫೋನ್ ಮಾಡಿ, “ದಡಕ್ಕ ಬಂದ್ಯಾ?” ಎನ್ನುತ್ತಿದ್ದೆ.

“ಬರದಿದ್ರ ಫೋನ್ ಯಾರು ಎತ್ತಾರ? ಬಂಗಾರದ ಪದಕ ಬಂದೈತಿ, ಅದನ್ನ ಕೇಳು.”

ಭುಜ ಕೈಕೊಟ್ಟ ಮೇಲೆ ಊರಿಗೆ ಮರಳಿ, ಕಂಪ್ಲಿಯ ಹೊಳೆಯಲ್ಲಿ ಮಕ್ಕಳಿಗೆ ಕಲಿಸತೊಡಗಿದಳು. ನಿನಗೆ ಹೆದರಿಕೆಯೇ ಇಲ್ಲವೇ ಎಂದು ಒಮ್ಮೆ ಕೇಳಿದ್ದೆ. “ಅಂಜಿಕಿ ಇಲ್ದೋರನ್ನ ನಾನು ನೀರಿಗೆ ಇಳಸಂಗಿಲ್ಲ,” ಎಂದಳು. ಹಾಗಾದರೆ ಅಂಜಿಕೆಯಲ್ಲೇ ಬೆಳೆದ ನನ್ನ ಮನೆಯ ಕೂಸು ನಿನಗೆ ಸರಿಹೋಗುತ್ತದೆ ಎಂದು ನಗೆಯಾಡಿದ್ದೆ. ಚೈತ್ರ ನಿಜಕ್ಕೂ ಹೋಗಿ ಸೇರಿದಾಗ ನಗು ನಿಂತಿತು.

ನಿನ್ನೆ ಕಂಪ್ಲಿಯ ಹೊಳೆಯಲ್ಲಿ ಅವಳ ಕೊನೆಯ ಪರೀಕ್ಷೆ. ನಿಮ್ಮಲ್ಲಿ ಮುಚ್ಚಿಡುವುದೇನು, ಅವಳು ಫೇಲಾಗಲಿ ಎಂದು ಮೂರು ದಿನದಿಂದ ಬೇಡಿಕೊಂಡಿದ್ದೆ. ಫೇಲಾದರೆ ಸಹಿಯ ಮಾತೇ ಇಲ್ಲ. ಅವಳು ದಡಕ್ಕೆ ಎಳೆದು ತರಬೇಕಾದ, ಮುಳುಗುವವನ ಪಾತ್ರಕ್ಕೆ ಭಾರದ ಆಳು ಬೇಕಿತ್ತು. ಹುಲಿಗೆಮ್ಮ ನನ್ನ ಹೊಟ್ಟೆ ನೋಡಿದಳು.

“ಸಾವ್ಕಾರ, ಜಾಕೆಟ್ ಹಾಕ್ಕೋ. ಇವತ್ತು ನೀನ ಮುಳುಗೋನು.”

“ಮೊಸಳಿ ಅದಾವಲ್ಲ?”

“ಮೊಸಳಿಗೂ ರುಚಿ ಅನ್ನೋದು ಇರ್ತದ, ನಡಿ.”

ತನ್ನ ಕಯಾಕಿನ ಬಾಲಕ್ಕೆ ನನ್ನನ್ನು ಜೋತುಬೀಳಿಸಿ ನಡುಹೊಳೆಗೆ ಎಳೆದೊಯ್ದು ಬಿಟ್ಟಳು. ಕಾಲಿಗೆ ನೆಲವಿಲ್ಲ. ತೊಡೆಯನ್ನು ಏನೋ ಸವರಿ ಹೋಯಿತು; ಜೊಂಡೇ ಇರಬೇಕು ಎಂದು ಇವತ್ತಿಗೂ ನಂಬಿಕೊಂಡಿದ್ದೇನೆ. ಚೈತ್ರ ಜಾಕೆಟ್ಟಿಲ್ಲದೆ ಈಜಿ ಬಂದಳು. ಅವಳು ಹತ್ತಿರವಾದಾಗ ನನಗೆ ಆ ಒಪ್ಪಿಗೆ ಪತ್ರ ನೆನಪಾಯಿತು. ಎರಡೂ ಕೈಗಳಿಂದ ಅವಳ ಕುತ್ತಿಗೆಯನ್ನು ಬಾಚಿ ಹಿಡಿದೆ.

ಅವಳು ಗದ್ದವನ್ನು ಎದೆಗೊತ್ತಿಕೊಂಡು ಕೆಳಕ್ಕೆ ಜಾರಿದಳು. ನನ್ನ ತೋಳುಗಳ ನಡುವೆ ಬರಿಯ ನೀರು. ಹೊಳೆಯ ಮೇಲೆ ಎಲ್ಲಿಯೂ ನನ್ನ ಮಗಳಿಲ್ಲ. ಜೀವಮಾನವಿಡೀ ಕೂಗಿಕೊಂಡು ಬಂದವನಿಗೆ ಆಗ ಒಂದು ಸದ್ದೂ ಹೊರಡಲಿಲ್ಲ. ಎಷ್ಟು ಹೊತ್ತೋ ತಿಳಿಯದು. ಆಮೇಲೆ ಬೆನ್ನ ಹಿಂದಿನಿಂದ ನನ್ನ ಕಂಕುಳಲ್ಲಿ ಎರಡು ಕೈಗಳು ತೂರಿದವು, ಆಕಾಶ ಮುಖಕ್ಕೆ ಬಂತು, ದಡದತ್ತ ಸಾಗಿದೆ. “ಪಾಸ್,” ಎಂದಳು ಹುಲಿಗೆಮ್ಮ. ನನ್ನ ಕಡೆ ನೋಡಲಿಲ್ಲ.

ಇದನ್ನೆಲ್ಲ ನೆನೆಯುತ್ತ ನಿಂತಿದ್ದಾಗ ಚೈತ್ರ ಮೇಲೆ ಬಂದಳು. ಜಾಕೆಟ್ಟಿನ ಪಟ್ಟಿ ಹಿಂಡುತ್ತ ಕೇಳಿದಳು:

“ಅಪ್ಪ, ನಿನ್ನೆ ಬೇಕಂತನ ಹಿಡದ್ಯಲ್ಲ?”

ಗಾಬರಿ, ಜೊಂಡು, ಮೊಸಳೆ, ಎಲ್ಲ ಉತ್ತರಗಳೂ ತಯಾರಿದ್ದವು. “ಹೂಂ,” ಎಂದೆ.

“ಗೊತ್ತಾತು. ಅಂಜಿದೋರು ಮ್ಯಾಲೆ ಹತ್ತಾಕ ನೋಡ್ತಾರ. ನೀನು ಕೆಳಗ ಒತ್ತಿದಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸ್ವಲ್ಪ ಸುಲಭವಾಗುತ್ತಿತ್ತು.

ಕೆಳಗಿಳಿದು ಪೆನ್ನು ಹುಡುಕಿದೆ. ಹೆದರಿಕೆ ಕಡಿಮೆಯಾಗಿರಲಿಲ್ಲ, ನಿನ್ನೆಗಿಂತ ಹೆಚ್ಚೇ ಇತ್ತು. ಖಾಲಿ ಜಾಗದಲ್ಲಿ ಸಹಿ ಹಾಕಿದೆ. ಚೈತ್ರ ಹಾಳೆಯನ್ನೆತ್ತಿ, ಮಸಿ ಆರಲೆಂದು ಮೆಲ್ಲಗೆ ಊದಿದಳು.