ದೊಡ್ಡ ಬ್ಯಾಟರಿಯ ತಪ್ಪು

ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ಶ್ರೀರಾಂಪುರದ ರಸ್ತೆಗೆ ತಿರುಗಿದರೆ ಸಿಗುವ ಬ್ಯಾಟರಿ ಅಂಗಡಿಯ ಬೋರ್ಡಿನ ಮೇಲೆ ಈಗಲೂ ಲಾಲ್ ಸಾಬ್ ಹೆಸರೇ ಇದೆ. ಲಾಲ್ ಸಾಬ್ ತೀರಿಕೊಂಡು ಮೂರು ವರ್ಷವಾಯಿತು. ಅದಕ್ಕೂ ಮೊದಲು ಆರು ವರ್ಷ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಸ್ಪ್ಯಾನರ್ ಹಿಡಿಯಲೂ ಆಗುತ್ತಿರಲಿಲ್ಲ. ಅವರು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಹೆಂಡತಿ ದಿಲ್ಶಾದ್ ಬೇಗಂ ಮಾಡುತ್ತಿದ್ದಳು. ಕೊನೆಕೊನೆಗೆ ಹೇಳುವ ಅಗತ್ಯವೂ ಉಳಿದಿರಲಿಲ್ಲ. ಗಿರಾಕಿಗಳು ಮಾತ್ರ ಗಾಡಿ ಸ್ಟಾರ್ಟ್ ಆದ ಕೂಡಲೇ ಕುರ್ಚಿಯ ಕಡೆ ತಿರುಗಿ, "ಸಾಬ್ರ ಕೈಗುಣ ಕಣ್ರಿ" ಎನ್ನುತ್ತಿದ್ದರು. ಆಸಿಡ್ ಹಾರಿ ತೂತು ಬಿದ್ದದ್ದು ಯಾರ ಸೆರಗಿಗೆ ಎಂದು ಒಬ್ಬನಾದರೂ ಕಣ್ಣೆತ್ತಿ ನೋಡಿದ್ದರೆ ಕೇಳಿ.

ಗಂಡ ಹೋದ ಮೇಲೆ ಆ ಕುರ್ಚಿಯಲ್ಲಿ ದಿಲ್ಶಾದ್ ಕೂತಳು. ಕೆಲಸ ಬಲ್ಲವಳು ಎಂಬ ಹೆಸರೊಂದು ಬಂದುಬಿಟ್ಟರೆ ಅಂಗಡಿ ತನ್ನಷ್ಟಕ್ಕೆ ನಡೆಯುತ್ತದೆ ಎಂಬುದು ಅವಳ ಲೆಕ್ಕಾಚಾರ. ಮೈದುನ ಮುಝಫರ್, ಸಂತೆಯಿಂದ ಸಂತೆಗೆ ಬಳೆ ಮಾರುವವನು, "ಭಾಭಿ, ಇದು ಗಂಡಸ್ರು ಕೂರೋ ಜಾಗ. ಅಂಗಡಿ ನಾನು ನೋಡ್ಕಂತೀನಿ" ಎಂದು ಮೂರು ಸಲ ಬಂದು ಹೇಳಿದ. ಮೂರು ಸಲವೂ ಅವಳು ಚಹಾ ಕೊಟ್ಟು ಕಳಿಸಿದಳು.

ಹೋದ ಜೂನಿನಲ್ಲಿ ಸ್ಕೂಲ್ ವ್ಯಾನಿನ ಶ್ರೀನಿವಾಸ್ ಬಂದ. ಅವನ ಗಾಡಿಯ ಹಳೇ ಬ್ಯಾಟರಿ ಸತ್ತಿತ್ತು. ದಿಲ್ಶಾದ್ ಅದಕ್ಕಿಂತ ದೊಡ್ಡದನ್ನು ತೋರಿಸಿದಾಗ ಅವನಿಗೆ ದಿಗಿಲಾಯಿತು.

"ಅಮ್ಮ, ದೊಡ್ಡದು ಹಾಕಿದ್ರೆ ಕರೆಂಟ್ ಜಾಸ್ತಿ ನುಗ್ಗಿ ಬಲ್ಬೆಲ್ಲ ಸುಟ್ಟೋಗಲ್ವ?"

"ಹಂಡೆ ದೊಡ್ಡದು ಅಂತ ನೀನು ಎರಡು ಚೊಂಬು ಜಾಸ್ತಿ ಕುಡೀತೀಯೇನಪ್ಪ? ಅದೂ ಹನ್ನೆರಡು ವೋಲ್ಟು, ಇದೂ ಹನ್ನೆರಡು ವೋಲ್ಟು. ಬಲ್ಬು ತನಗೆ ಬೇಕಾದಷ್ಟೇ ಎಳ್ಕಂತೈತೆ. ಆದ್ರೆ ಒಂದು ಮಾತು, ಹೊಸ ಸಾಮಾನು ಏನಾದ್ರೂ ಕಟ್ಟೋದಿದ್ರೆ ಇಲ್ಲಿಗೆ ಬಾ. ಅದಕ್ಕೆ ಬೇರೆ ವೈರು, ಬೇರೆ ಫ್ಯೂಸು ಹಾಕ್ಬೇಕು."

ಶ್ರೀನಿವಾಸ್ ತಲೆಯಾಡಿಸಿದ. ದೊಡ್ಡ ಬ್ಯಾಟರಿ ಬಂತಲ್ಲ, ಇನ್ನೇನು ಬೇಕಾದರೂ ಓಡುತ್ತದೆ ಎಂದು ವ್ಯಾನಿನ ನೆತ್ತಿಗೆ ನಾಲ್ಕು ದೀಪ, ಸೀಟಿನ ಕೆಳಗೆ ಹಾಡಿಗೊಂದು ವೂಫರ್ ತಾನೇ ಕಟ್ಟಿಕೊಂಡ. ಎಲ್ಲಕ್ಕೂ ಹಾರನ್ನಿನ ಸಣ್ಣ ವೈರಿನಿಂದಲೇ ಕರೆಂಟು. ಫ್ಯೂಸು ಹಾರಿತು. ಇನ್ನೊಂದು ಹಾಕಿದ, ಅದೂ ಹಾರಿತು. ಕೊನೆಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕಿದ. ಅದು ಹಾರಲಿಲ್ಲ. ಅದರ ಬದಲು ವೈರು ಸುಟ್ಟು, ಹನ್ನೊಂದು ಮಕ್ಕಳು ಕೂತಿದ್ದ ವ್ಯಾನಿನ ತುಂಬ ಹೊಗೆ ಎದ್ದಿತು. ಮಕ್ಕಳು ಇಳಿದು ಬದುಕಿಕೊಂಡದ್ದು ದೇವರ ದಯೆ.

ಮರುದಿನ ಬೆಳಿಗ್ಗೆ ಅವನು ವ್ಯಾನನ್ನು ಎಳೆಸಿಕೊಂಡು ಬಂದು ಅಂಗಡಿ ಮುಂದೆ ನಿಲ್ಲಿಸಿ ಬಾಯಿ ಮಾಡಿದ. "ದೊಡ್ಡ ಬ್ಯಾಟರಿ ಹಾಕಿ ಮಕ್ಕಳನ್ನ ಸುಡಾಕೆ ನಿಂತಿದ್ಲು ಈಯಮ್ಮ!" ಜನ ಸೇರಿತು.

ದಿಲ್ಶಾದ್ ಮಾತಿಗೆ ಮಾತು ಬೆಳೆಸಲಿಲ್ಲ. ಫ್ಯೂಸಿನ ಡಬ್ಬಿ ಬಿಚ್ಚಿ ಕರಿಹಿಡಿದ ಬೆಳ್ಳಿ ಕಾಗದವನ್ನು ಇಕ್ಕಳದಿಂದ ಎತ್ತಿ ಎಲ್ಲರಿಗೂ ತೋರಿಸಿದಳು. ಆಮೇಲೆ ಒಂದು ಹೆಡ್‌ಲೈಟ್ ಬಲ್ಬನ್ನು ಚಿಕ್ಕ ಬ್ಯಾಟರಿಗೆ ಕಟ್ಟಿ ಮೀಟರ್ ಹಿಡಿದಳು. ನಾಲ್ಕೂವರೆ ಆಂಪಿಯರ್. ಅದೇ ಬಲ್ಬನ್ನು ದೊಡ್ಡದಕ್ಕೆ ಕಟ್ಟಿದಳು. ನಾಲ್ಕೂವರೆ. "ಓದಕ್ಕೆ ಬರೋರು ಓದ್ರಿ" ಎಂದಳು. ಶ್ರೀನಿವಾಸನ ಮುಖ ಸಣ್ಣದಾಯಿತು. ಒಂಬತ್ತು ವರ್ಷದಲ್ಲಿ ಅವಳಿಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಆ ಹೊತ್ತಿಗೆ ಪಕ್ಕದ ಟೈರ್ ಅಂಗಡಿಯ ದೊಡ್ಡತಿಮ್ಮಪ್ಪನವರು ಮುಝಫರನನ್ನು ಕರೆಸಿಯಾಗಿತ್ತು. ಜಗಳವೆಂದರೆ ಎರಡೂ ಕಡೆಯ ಗಂಡಸರು ಕೂತು ಚಹಾ ಕುಡಿದು ಮುಗಿಸುವುದು ಆ ರಸ್ತೆಯ ಪದ್ಧತಿ. ಮುಝಫರ್ ಬಂದವನೇ ಮೀಟರ್ ನೋಡಲಿಲ್ಲ, ಕಾಗದ ನೋಡಲಿಲ್ಲ. ಕೈ ಜೋಡಿಸಿದ.

"ಹೆಣ್ಣುಮಗಳು, ಗೊತ್ತಾಗ್ದೆ ದೊಡ್ಡದು ಹಾಕ್ಬಿಟ್ಟೈತೆ. ತಪ್ಪಾತು ಅನ್ಕಳ್ರಿ. ವೈರಿಂಗ್ ನಾವೇ ಮಾಡ್ಕೊಡ್ತೀವಿ."

"ಏನು ತಪ್ಪಾತು?" ಎಂದಳು ದಿಲ್ಶಾದ್. "ಮುಝಫರ್, ಏನು ತಪ್ಪಾತು ಹೇಳು!"

"ಸುಮ್ನಿರಮ್ಮ" ಎಂದರು ದೊಡ್ಡತಿಮ್ಮಪ್ಪ, ಬೈಯುವಂತೆಯೂ ಅಲ್ಲ, ಪ್ರೀತಿಯಿಂದಲೇ. "ದೊಡ್ಡೋರು ಕುಂತು ಮುಗಿಸ್ತಾ ಅದೀವಿ." ಚಹಾ ಬಂತು. ಶ್ರೀನಿವಾಸನೂ ಕುಡಿದ. ಆ ಪ್ರೀತಿಗೆ ಬೆಂಕಿ ಹಾಕಬೇಕು ಎನಿಸಿತು ಅವಳಿಗೆ.

ವೈರಿಂಗ್ ಮಾಡುವುದಿಲ್ಲ ಎನ್ನಬಹುದಿತ್ತು. ಆದರೆ ಅದರಲ್ಲಿ ಕೂರುವುದು ಶ್ರೀನಿವಾಸನಲ್ಲ, ಮಕ್ಕಳು. ಎರಡು ದಿನ ವ್ಯಾನಿನ ಹೊಟ್ಟೆಯೊಳಗೆ ಬಗ್ಗಿ ಕೂತು ಅವಳೇ ಹೊಸ ವೈರು ಎಳೆದಳು, ಒಂದೊಂದಕ್ಕೂ ಬೇರೆ ಫ್ಯೂಸು ಕೂರಿಸಿದಳು. ಅದೇ ದೊಡ್ಡ ಬ್ಯಾಟರಿಯನ್ನು ಅದೇ ಜಾಗದಲ್ಲಿ ಬಿಟ್ಟಳು. ಮುಝಫರ್ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದಿದ್ದ. ಸ್ಕೂಲಿನ ಗೇಟಿನಲ್ಲಿ ಶ್ರೀನಿವಾಸ್ ತಾಯಂದಿರಿಗೆಲ್ಲ ಹೇಳಿದ, ಸಾಬರ ತಮ್ಮ ಬಂದು ಸರಿ ಮಾಡಿಕೊಟ್ಟರು ಎಂದು.

ಆಮೇಲೆ ಬಂದವರೆಲ್ಲ ಅಂಗಡಿಯೊಳಗೆ ಇಣುಕಿ, "ಅವರಿಲ್ವ? ಬಂದ ಮ್ಯಾಲೆ ಬರ್ತೀನಿ ಬಿಡ್ರಿ" ಎಂದು ಹೋಗತೊಡಗಿದರು. ದಸರೆಯ ಹೊತ್ತಿಗೆ ಕುರ್ಚಿ ಮುಝಫರನದಾಯಿತು. ದಿಲ್ಶಾದ್ ಹಿಂದಿನ ಕೋಣೆಯಲ್ಲಿ ಬ್ಯಾಟರಿಗಳನ್ನು ಚಾರ್ಜಿಗೆ ಹಾಕುತ್ತಾಳೆ, ನೀರು ತುಂಬುತ್ತಾಳೆ. "ಭಾಭಿ, ಈ ಗಾಡಿಗೆ ಎಷ್ಟರದು?" ಎಂದು ಅವನು ಕೂಗುತ್ತಾನೆ. ಅವಳು ಹೇಳಿದ್ದನ್ನು ಎರಡು ಸಲ ಕೆಮ್ಮಿ ಗಿರಾಕಿಗೆ ಹೇಳುತ್ತಾನೆ.

ಮೊನ್ನೆ ಹೊಳಲ್ಕೆರೆ ಕಡೆಯ ರವೀಂದ್ರ ಎಂಬ ಹೊಸಬ ಕಾರು ತಂದು ನಿಲ್ಲಿಸಿ ಕೇಳಿದ: "ದೊಡ್ಡ ಬ್ಯಾಟರಿ ಹಾಕಿದ್ರೆ ಕರೆಂಟ್ ಜಾಸ್ತಿಯಾಗಿ ಸಾಮಾನು ಸುಡ್ತಾವಾ ಭಾಯ್?"

ಈ ಸಲ ಮುಝಫರ್ ಒಳಗೆ ಕೂಗಲಿಲ್ಲ. "ಸುಡದೆ ಮತ್ತೆ? ನಮ್ಮ ಭಾಭಿ ಹಂಗೇ ಮಾಡಿ ಒಂದು ಸ್ಕೂಲ್ ವ್ಯಾನಲ್ಲೇ ಹೊಗೆ ಎದ್ದಿತ್ತು" ಎಂದ.

ದಿಲ್ಶಾದ್ ಕೈಯಲ್ಲಿದ್ದ ನೀರಿನ ಕ್ಯಾನನ್ನು ಕೆಳಗಿಟ್ಟು ಹೊರಗೆ ಬಂದಳು. "ಸುಳ್ಳು. ಸುಡಲ್ಲ. ಎಷ್ಟು ಬೇಕೋ ಅಷ್ಟೇ ಎಳ್ಕಂತಾವೆ. ಬೇಕಾದ್ರೆ ಈಗ್ಲೇ ಮೀಟರ್ ಹಿಡಿದು ತೋರಿಸ್ತೀನಿ ಬರ್ರಿ" ಎಂದಳು.

ರವೀಂದ್ರ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕುರ್ಚಿಯ ಕಡೆ ತಿರುಗಿ ಕೇಳಿದ:

"ಹೌದಾ ಸಾಬ್ರೇ?"