ಊರಿನ ಹೆಂಗಸರೆಲ್ಲ ಹೊರಗೆ ಕೂತಾಗ

ಹೊರಗೆ ಕೂರುವ ಪದ್ಧತಿಯನ್ನು ನಾನು ಇವತ್ತಿಗೂ ಮನಸಾರೆ ಬೈಯುತ್ತೇನೆ. ಮುಟ್ಟಾದವಳಿಗೆ ಜಗಲಿಯ ಮೂಲೆ, ಬೇರೆ ಚಾಪೆ, ಬೇರೆ ತಟ್ಟೆ. ಗಂಡ ಮುಟ್ಟಿದರೆ ಅವನಿಗೂ ತಲೆಸ್ನಾನ. ಆದರೂ ಅದನ್ನು ನೆನೆದು ನಗುವುದಕ್ಕೆ ನನಗೊಂದು ಕಾರಣವಿದೆ.

ಎಪ್ಪತ್ತರ ದಶಕದ ಆರಂಭ. ಕುಂದಾಣದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ನಾನು ಬಸುರಿ. ತವರಿಗೆ ಹೋಗೋಣವೆಂದರೆ ಅಮ್ಮ ಇರಲಿಲ್ಲ. ಸರ್ಕಾರ ನಮ್ಮೂರಿಗೆ ಒಬ್ಬ ನರ್ಸಮ್ಮನನ್ನು ಹಾಕಿತ್ತು, ಆದರೆ ಇರಲು ಜಾಗವಿಲ್ಲದೆ ಆಕೆ ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದರು. ಹೆರಿಗೆ ನೋವು ಬಸ್ಸಿನ ಟೈಮು ನೋಡಿಕೊಂಡು ಬರುವುದಿಲ್ಲವಲ್ಲ. ಹಿಂದಿನ ಬೇಸಿಗೆಯಲ್ಲಿ ನನ್ನ ವಾರಗಿತ್ತಿ ದೇವನಹಳ್ಳಿ ಆಸ್ಪತ್ರೆಯ ದಾರಿಯಲ್ಲಿ, ಎತ್ತಿನ ಗಾಡಿಯಲ್ಲೇ ಹೆತ್ತು ಮಗುವನ್ನು ಕಳೆದುಕೊಂಡಿದ್ದಳು. ನನ್ನ ಹೊಟ್ಟೆಯ ಜೊತೆಗೆ ಭಯವೂ ಬೆಳೆಯುತ್ತಿತ್ತು.

ಪಂಚಾಯಿತಿಯ ಕೋಣೆಯೊಂದಿತ್ತು. ಅಲ್ಲಿ ಗಂಡಸರು ರೇಡಿಯೋ ಹಾಕಿಕೊಂಡು ಇಸ್ಪೀಟು ಆಡುತ್ತಿದ್ದರು. ಅದನ್ನು ನರ್ಸಮ್ಮನಿಗೆ ಕೊಡಿ ಎಂದು ಹೆಂಗಸರು ಕೇಳಿದಾಗ, ಪಂಚಾಯಿತಿ ಮೆಂಬರಾಗಿದ್ದ ನನ್ನ ಮಾವ, "ಊರ ವ್ಯವಹಾರ ನಿಮಗ್ಯಾಕೆ?" ಎಂದು ಎದ್ದುಹೋದರು.

ಮರುದಿನ ಕೆರೆಯಲ್ಲಿ ಬಟ್ಟೆ ಒಗೆಯುವಾಗ ಅತ್ತೆ ಬಾಯಿಬಿಟ್ಟರು. "ಅನ್ನ ನಿಲ್ಸಿದ್ರೆ ಹೋಟ್ಲಿಗೆ ಹೋಗ್ತಾರೆ. ಹಾಸಿಗೆ ನಿಲ್ಸಿದ್ರೆ ಎಲ್ಲಿಗೋಗ್ತಾರೆ? ಮುಟ್ಟಾಗೋ ವಯಸ್ಸಿನೋರೆಲ್ಲ ಹೊರಗೆ ಕೂತ್ಕೊಳ್ಳಿ. ರೂಮು ಕೊಡೋವರ್ಗೂ ಒಳಗೆ ಹೋಗ್ಬ್ಯಾಡಿ." ಮುಟ್ಟು ನಿಜವೇ ಎಂದು ಹೆಂಡತಿಯನ್ನು ಕೇಳುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಜಗಲಿಗಳೆಲ್ಲ ತುಂಬಿದವು. ಹುಮ್ಮಸ್ಸಿನಲ್ಲಿ ನಾನೂ ಚಾಪೆ ಹಾಸಿ ಕೂತೆ. ಹೊಲದಿಂದ ಬಂದ ಮಾವ ನನ್ನನ್ನು ನೋಡಿ ನಿಂತೇಬಿಟ್ಟರು. ಬಸುರಿ ಹೊರಗೆ ಕೂರುವುದುಂಟೇ? ಗುಟ್ಟು ರಟ್ಟಾಯಿತು. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಅತ್ತೆ ಒಳಗಿನಿಂದ ಇನ್ನೊಂದು ಚಾಪೆ ತಂದು ನನ್ನ ಪಕ್ಕದಲ್ಲೇ ಹಾಸಿದರು. "ನಂಗೆ ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು. ಇವತ್ತಿಂದ ನಾನೂ ಹೊರಗೆ. ಅನುಮಾನ ಇದ್ರೆ ಬಂದು ಮುಟ್ನೋಡಿ" ಎಂದರು. ಮಾವ ಮುಟ್ಟಲಿಲ್ಲ. ಸಂಜೆಯೊಳಗೆ ಊರಿನ ಮುದುಕಿಯರೂ ಒಬ್ಬೊಬ್ಬರಾಗಿ ಹೊರಗೆ ಬಂದರು.

ಗಂಡಸರು ಗಂಟುಗಂಟಾದ ಮುದ್ದೆ ಮಾಡಿ ದೂರದಿಂದ ನಮ್ಮ ತಟ್ಟೆಗೂ ಹಾಕುತ್ತಿದ್ದರು. ನನ್ನ ಗಂಡ ಅಂಗಳದಾಚೆ ನಿಂತು, ಅದೂ ಇದೂ ಮಾತಾಡಿ, ಹೋಗಲಾರದೆ ಹೋಗುತ್ತಿದ್ದರು. ಹೊಸ ಜೋಡಿ, ಒಳಗೆ ಹೋಗುವ ಆಸೆ ನನಗೇನು ಕಮ್ಮಿಯಿರಲಿಲ್ಲ. ಒಂದು ಸಂಜೆ ಕನಕಾಂಬರದ ದಂಡೆಯೊಂದನ್ನು ಚಾಪೆಯ ಮೇಲೆ ಎಸೆದರು. ಹೊರಗಾದವಳು ಹೂ ಮುಡಿಯಬಾರದು. ನಾನು ಮುಡಿದೆ. ಆಮೇಲೆ ಸಂಸಾರದಲ್ಲಿ ಅಷ್ಟು ಮಾತಿಗೆ ನಮಗೆ ಪುರಸೊತ್ತೇ ಸಿಗಲಿಲ್ಲ. ಈಗ ಅವರಿಲ್ಲ, ಆ ಜಗಲಿಯ ಸಂಜೆಗಳು ಬಹಳ ನೆನಪಾಗುತ್ತವೆ.

ಕೊನೆಗೆ ಊರಿನ ಹರೆಯದ ಗಂಡಂದಿರೇ ಮಾವನ ದುಂಬಾಲು ಬಿದ್ದರು. ಕೋಣೆ ಖಾಲಿಯಾಯಿತು, ನರ್ಸಮ್ಮ ಟ್ರಂಕಿನ ಸಮೇತ ಬಂದಿಳಿದರು.

ನನ್ನ ಮಗಳು ಹುಟ್ಟಿದ್ದು ಅದೇ ಕೋಣೆಯಲ್ಲಿ. ಕೂಸು ಕಾಲು ಮುಂದಾಗಿ ಬಂದಿತ್ತು. ನರ್ಸಮ್ಮ ಇರದಿದ್ದರೆ ನಾವಿಬ್ಬರೂ ಉಳಿಯುತ್ತಿರಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡ ಅತ್ತೆ ನಗುತ್ತಾರೆಂದುಕೊಂಡಿದ್ದೆ, ಬಿಕ್ಕಿಬಿಕ್ಕಿ ಅತ್ತರು. ಅವರ ಮೊದಲ ಎರಡು ಹೆಣ್ಣುಕೂಸುಗಳು ಹೆರಿಗೆಯಲ್ಲೇ ಹೋದದ್ದನ್ನು ನಾನು ಕೇಳಿದ್ದು ಆಗಲೇ.

"ಆವಾಗ್ಲೇ ನಾನು ಹೊರಗೆ ಕೂತ್ಕೋಬೇಕಿತ್ತು ಕಣವ್ವ" ಎಂದರು.