ಮನೋಹರ್ ಸಾಹೇಬರ ಮಿನುಗುವ ಟಿವಿ

ಗಜಾಲಾಗೆ ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ, ಕೀಬೋರ್ಡಿನ ಸದ್ದು ಜಾಸ್ತಿಯಾಗುತ್ತದೆ. ಆರ್.ಟಿ. ನಗರದ ಆ ಡಯಾಲಿಸಿಸ್ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಅವಳೊಬ್ಬಳೇ. ಎರಡು ತಿಂಗಳಿಂದ ಆ ಸದ್ದು ಏರುತ್ತಲೇ ಇತ್ತು.

ಕಾರಣ, ಮಾಲೀಕ ಮನೋಹರ್ ಕೋಣೆಯ ದೊಡ್ಡ ಟಿವಿ. ಅದರಲ್ಲಿ ಅಂಕಿಗಳು ಸದಾ ಮಿನುಗುತ್ತಿರಬೇಕು, ಬಂದ ದೊಡ್ಡವರು ನೋಡಿ ಬೆರಗಾಗಬೇಕು. ಈ ಶೋಕಿಗಾಗಿ ಯಾರೋ ಬರೆದಿಟ್ಟ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ, ಏನೂ ಬದಲಾಗದಿದ್ದರೂ, ಎಲ್ಲ ರೋಗಿಗಳ ದಾಖಲೆಯನ್ನೂ ಡೇಟಾಬೇಸಿನಲ್ಲಿ ಒಂದೊಂದಾಗಿ, ಬಿಡುವಿಲ್ಲದೆ ಮತ್ತೆ ಮತ್ತೆ ಬರೆಯುತ್ತಿತ್ತು; ಬರೆದಾಗಲೆಲ್ಲ ಟಿವಿಯ ಅಂಕಿ ಮಿನುಗುತ್ತಿತ್ತು. ಬೆಳಗಿನ ನೂಕುನುಗ್ಗಲಿನಲ್ಲಿ ಕೌಂಟರಿನ ಕುಬ್ರಾ ಹಾಕಿದ ಹಾಜರಿ ಈ ಬರವಣಿಗೆಯ ಹಿಂದೆ ಸಿಕ್ಕಿಕೊಳ್ಳುತ್ತಿತ್ತು. ಹದಿನೈದು ನಿಮಿಷದಲ್ಲಿ ಹಾಜರಿ ಬೀಳದಿದ್ದರೆ ಮೆಷಿನ್ ಮುಂದಿನವರ ಪಾಲು. ರೋಗಿಯ ಕೈಗೆ 'ತಡವಾಗಿ ಬಂದಿದ್ದೀರಿ' ಎಂಬ ಚೀಟಿ.

ಅಬ್ಬಿಗೆರೆಯ ಚಿಕ್ಕಮಾರಯ್ಯನಿಗೆ ಆ ಚೀಟಿ ಮೂರು ಸಲ ಸಿಕ್ಕಿತು. ಮೂರನೆಯ ಸಲ ಅವರು ಊದಿದ ಕಾಲು ಚಾಚಿ, ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತಿದ್ದನ್ನು ಗಜಾಲಾ ನೋಡಿದಳು. ಮೈ ಉರಿದುಹೋಯಿತು. ಸ್ಕ್ರಿಪ್ಟ್ ತಿದ್ದುತ್ತೇನೆಂದು ಅವಳು ಎಷ್ಟು ಸಲ ಕೇಳಿರಲಿಲ್ಲ! ನಡೆಯುತ್ತಿರುವುದಕ್ಕೆ ಕೈ ಹಾಕಬೇಡ ಎನ್ನುವುದೊಂದೇ ಮನೋಹರ್ ಉತ್ತರ.

ಅಂದು ಯಾರನ್ನೂ ಕೇಳಲಿಲ್ಲ. ಸ್ಕ್ರಿಪ್ಟ್ ಬದಲಾದ ದಾಖಲೆಗಳನ್ನಷ್ಟೇ ಆರಿಸಿ, ಕೂಡಿಟ್ಟು, ನಿಮಿಷಕ್ಕೊಮ್ಮೆ ಒಟ್ಟಿಗೆ ಬರೆಯುವಂತೆ ಮಾಡಿದಳು. ಮರುದಿನ ಚಿಕ್ಕಮಾರಯ್ಯ ಬಂದಾಗ ಕುಬ್ರಾ ಬಟನ್ ಒತ್ತಿದ್ದೇ ತಡ, ಹಾಜರಿ ಬಿತ್ತು, ಮೆಷಿನ್ ಸಿಕ್ಕಿತು.

ಒಂಬತ್ತಕ್ಕೆ ಮನೋಹರ್ ಬಂದು ಕೂಗಾಡಿದರು. ಅಂಕಿ ಮಿನುಗುತ್ತಿಲ್ಲ, ಟಿವಿ ಸತ್ತುಹೋಗಿದೆ, ಹಳೆಯದನ್ನೇ ಹಾಕು ಎಂದರು. ಗಜಾಲಾ ಹಲ್ಲು ಕಚ್ಚಿಕೊಂಡು ಕೂತಳು. ಡೇಟಾಬೇಸಿನ ತಂಟೆಗೆ ಹೋಗದೆ, ಟಿವಿಯಲ್ಲಿ ಅಂಕಿಗಳು ಸುಮ್ಮಸುಮ್ಮನೆ ಮಿನುಗುವಂತೆ ಎರಡು ಸಾಲು ಕೋಡ್ ಸೇರಿಸಿದಳು.

"ಈಗ ನೋಡಮ್ಮ, ಕೆಲಸ ನಡೀತಿದೆ ಅನ್ಸತ್ತೆ," ಎಂದರು ಮನೋಹರ್.

ಎರಡು ಸಾಲಿನ ಬೂಟಾಟಿಕೆಗೆ ತಣ್ಣಗಾಗುವ ಈ ಮನುಷ್ಯನಿಗಾಗಿ ಒಬ್ಬ ಮುದುಕ ಉಸಿರುಗಟ್ಟಬೇಕಿತ್ತೆ? ಅವಳು ಸೀದಾ ಕೆಳಗಿಳಿದು, ಮೆಷಿನ್ ಪಕ್ಕ ಮಲಗಿದ್ದ ಚಿಕ್ಕಮಾರಯ್ಯನಿಗೆ, ಮೂರು ಸಲವೂ ತಪ್ಪು ನಮ್ಮದೇ, ನೀವು ಹೊತ್ತಿಗೆ ಸರಿಯಾಗಿಯೇ ಬಂದಿದ್ದಿರಿ ಎಂದು ಹೇಳಿಬಿಟ್ಟಳು.

ಚಿಕ್ಕಮಾರಯ್ಯ ದಿಂಬಿನಿಂದ ತಲೆ ಎತ್ತಿದರು.

"ಅಂಗಾರೆ ನಾನು ಲೇಟಾಗಿ ಬರ್ತಿರ್ಲಿಲ್ವಾ, ತಾಯಿ? ನಮ್ಮನೆಯವ್ಳು ಸೊಣ್ಣಮ್ಮಂಗೆ ಮೂರು ಸಲಾನೂ ಬಾಯಿಗೆ ಬಂದಂಗೆ ಬೈದ್ಬುಟ್ಟೆ, ನಿನ್ನಿಂದ್ಲೇ ತಡ ಆಗಿದ್ದು ಅಂತ. ಅವ್ಳು ಒಂದ್ ಮಾತೂ ಎದುರಾಡ್ಲಿಲ್ಲ."